ಅಡುಗೆಮನೆಯ ಮಾತು, ಅಂತರ್ಜಾಲದ ಬರಹ: ಆಂಟನ್ ನೋಸಿಕ್ ಅವರ ಪತ್ರಿಕಾವೃತ್ತಿಯ ಒಂದು ಅವಲೋಕನ

ಮೌಖಿಕ ಮತ್ತು ಲಿಖಿತ ಎಂಬ ವಿಭಜನೆಯು ಜಾನಪದ ಅಧ್ಯಯನದ ಆರಂಭದ ದಿನಗಳಿಂದಲೂ ಅದರ ಗಡಿರೇಖೆಯಾಗಿ ಬಂದಿದೆ. ಬಾಯಿಂದ ಬಾಯಿಗೆ ಹರಿಯುವುದು ಜಾನಪದ, ಕಾಗದದ ಮೇಲೆ ನಿಲ್ಲುವುದು ಸಾಹಿತ್ಯ ಎಂಬ ಸರಳ ತಿಳಿವಳಿಕೆಯನ್ನು ಇಂದು ಯಾವ ಸಂಶೋಧಕನೂ ಪೂರ್ತಿಯಾಗಿ ಒಪ್ಪಲಾರ. ಆದರೂ ಮಾತಿನ ಗುಣಗಳನ್ನೆಲ್ಲ ಉಳಿಸಿಕೊಂಡು ಬರಹದ ರೂಪದಲ್ಲಿ ನಿಲ್ಲುವ ಪ್ರಕಾರವೊಂದು ಎದುರಾದಾಗ ಅದನ್ನು ಹೇಗೆ ಓದಬೇಕು, ಅದರ ಕರ್ತೃವಿನ ಮೇಲೆ ಎಷ್ಟು ಹೊಣೆ ಹೊರಿಸಬೇಕು ಎಂಬ ಪ್ರಶ್ನೆಗೆ ಸಿದ್ಧ ಉತ್ತರವಿಲ್ಲ. ಈ ಪ್ರಶ್ನೆಯು ವಿದ್ವಾಂಸರ ಚರ್ಚೆಯನ್ನು ದಾಟಿ ನ್ಯಾಯಾಲಯದ ಕಟಕಟೆಯವರೆಗೂ ಹೋದ ಉದಾಹರಣೆಯೊಂದು ರಷ್ಯಾದ ಅಂತರ್ಜಾಲದ ಚರಿತ್ರೆಯಲ್ಲಿ ದೊರೆಯುತ್ತದೆ. ಅದರ ಕೇಂದ್ರದಲ್ಲಿ ಇದ್ದವರು ಆಂಟನ್ ಬೊರಿಸೋವಿಚ್ ನೋಸಿಕ್ (1966-2017).

ರಷ್ಯನ್ ಭಾಷೆಯ ಅಂತರ್ಜಾಲವನ್ನು ಅಲ್ಲಿನವರು 'ರೂನೆಟ್' ಎಂದು ಕರೆಯುತ್ತಾರೆ. ನೋಸಿಕ್ ಅವರನ್ನು ಅದರ ಪಿತಾಮಹರೆನ್ನುವ ರೂಢಿ ಬಹಳ ಹಿಂದೆಯೇ ಬೆಳೆದಿದೆ. ಇಂತಹ ಬಿರುದುಗಳನ್ನು ಆಧರಿಸಿ ಚರಿತ್ರೆಯನ್ನು ಬರೆಯಲಾಗದು. ಮಾಸ್ಕೋದ ಕುರ್ಚಾತೋವ್ ಪರಮಾಣು ಸಂಸ್ಥೆಯ ಎಂಜಿನಿಯರುಗಳು 'ರೆಲ್ಕಾಂ' ಜಾಲವನ್ನು 1990ರಲ್ಲಿಯೇ ಕಟ್ಟಿದ್ದರು. 1991ರ ಆಗಸ್ಟ್‌ನಲ್ಲಿ ಗೋರ್ಬಚೇವ್ ಅವರ ವಿರುದ್ಧ ಕ್ಷಿಪ್ರಕ್ರಾಂತಿಯ ಯತ್ನ ನಡೆದ ಮೂರು ದಿನಗಳಲ್ಲಿ ದೂರದರ್ಶನವು ಮೌನವಾಗಿದ್ದಾಗ ಇದೇ ಜಾಲವು ಸುದ್ದಿಯನ್ನು ದೇಶದೊಳಗೂ ಹೊರಗೂ ಸಾಗಿಸಿತು. 1994ರಲ್ಲಿ '.ರು' ಎಂಬ ವಲಯನಾಮ ನೋಂದಣಿಯಾಯಿತು. ಅದೇ ವರ್ಷ ಮ್ಯಾಕ್ಸಿಂ ಮೋಷ್ಕೋವ್ ಎಂಬ ಪ್ರೋಗ್ರಾಮರ್ ತಮ್ಮ ಹೆಸರಿನ ಉಚಿತ ಗ್ರಂಥಾಲಯವನ್ನು ಜಾಲದಲ್ಲಿ ತೆರೆದರು. ಈ ಪಟ್ಟಿಯಲ್ಲೆಲ್ಲೂ ನೋಸಿಕ್ ಇಲ್ಲ. ಅವರು ತಂತಿ ಎಳೆದವರಲ್ಲ, ಯಂತ್ರ ಕೂರಿಸಿದವರೂ ಅಲ್ಲ. ಎಂಜಿನಿಯರುಗಳ ಸ್ವತ್ತಾಗಿದ್ದ ಆ ಜಾಲಕ್ಕೆ ಒಂದು ಮಾತಿನ ಧಾಟಿಯನ್ನು, ಅನಂತರ ಒಂದು ಸುದ್ದಿಯ ಧಾಟಿಯನ್ನು ಕೊಟ್ಟವರು ಎಂಬ ಕಾರಣಕ್ಕೆ ಅವರು ನಮಗೆ ಮುಖ್ಯರಾಗುತ್ತಾರೆ.

ಈ ಎರಡು ಧಾಟಿಗಳ ಬೇರುಗಳನ್ನು ಸೋವಿಯತ್ ಕಾಲದ ಉತ್ತರಾರ್ಧದಲ್ಲಿ ಹುಡುಕಬೇಕಾಗುತ್ತದೆ. ಸ್ಟಾಲಿನ್ ಮರಣಾನಂತರದ ದಶಕಗಳಲ್ಲಿ ಮಾಸ್ಕೋ, ಲೆನಿನ್‌ಗ್ರಾಡ್ ನಗರಗಳ ವಿದ್ಯಾವಂತ ಕುಟುಂಬಗಳಿಗೆ ಪ್ರತ್ಯೇಕ ಮನೆಗಳು ದೊರೆಯತೊಡಗಿದ ಮೇಲೆ ಅಡುಗೆಮನೆಯ ಮೇಜು ಒಂದು ಸಾಮಾಜಿಕ ಸಂಸ್ಥೆಯೇ ಆಯಿತು. ಚಹಾ, ವೋಡ್ಕಾಗಳ ಜೊತೆಗೆ ನಡುರಾತ್ರಿಯವರೆಗೂ ನಡೆಯುತ್ತಿದ್ದ ಆ ಹರಟೆಯಲ್ಲಿ ರಾಜಕೀಯ ನಗೆಹನಿ, ಗಾಳಿಸುದ್ದಿ, ನಿಷಿದ್ಧ ಕವಿಗಳ ಪಠಣ, ವಿದೇಶಿ ರೇಡಿಯೋದಲ್ಲಿ ಕೇಳಿದ ವಾರ್ತೆ ಎಲ್ಲವೂ ಬೆರೆತಿದ್ದವು. ಹೊರಗೆ ಹೇಳಬಾರದ್ದನ್ನು ಹೇಳುವ ಸ್ಥಳ ಅದು. ಅಲ್ಲಿನ ಮಾತಿಗೆ ಉತ್ಪ್ರೇಕ್ಷೆ, ಬೈಗುಳ, ವ್ಯಂಗ್ಯಗಳು ಸಹಜವಾಗಿದ್ದವು. ಕೇಳುವವರು ಗೊತ್ತಿದ್ದವರೇ ಆದ್ದರಿಂದ ಹೇಳಿದವನ ಇಂಗಿತ ಅವರಿಗೆ ತಿಳಿಯುತ್ತಿತ್ತು.

ಇದಕ್ಕೆ ಸಮಾನಾಂತರವಾಗಿ 'ಸಮಿಜ್‌ದಾತ್' ಎಂಬ ಸ್ವಯಂಪ್ರಕಾಶನದ ಪರಂಪರೆಯಿತ್ತು. ಕಾರ್ಬನ್ ಹಾಳೆಯಿಟ್ಟು ಬೆರಳಚ್ಚಿಸಿ ಕೈಯಿಂದ ಕೈಗೆ ದಾಟಿಸುವ ಈ ಪದ್ಧತಿಯಲ್ಲಿ ಹೊರಬಂದ ಪತ್ರಿಕೆಗಳಲ್ಲಿ ಬಹು ಪ್ರಸಿದ್ಧವಾದುದು 1968ರಲ್ಲಿ ಆರಂಭಗೊಂಡ 'ಪ್ರಚಲಿತ ಘಟನೆಗಳ ವೃತ್ತಾಂತ'. ಬಂಧನ, ಶೋಧನೆ, ವಿಚಾರಣೆಗಳ ವಿವರವನ್ನು ದಿನಾಂಕ ಸಹಿತ ದಾಖಲಿಸುವುದು ಅದರ ಕೆಲಸ. ಅದರ ಭಾಷೆಯಲ್ಲಿ ಆವೇಶವಿಲ್ಲ, ವಿಶೇಷಣಗಳಿಲ್ಲ. ಹೀಗೆ ಒಂದೇ ಜನವರ್ಗ ಎರಡು ವಿರುದ್ಧ ಧಾಟಿಗಳನ್ನು ಸಾಕಿಕೊಂಡು ಬಂದಿತ್ತು: ಅಡುಗೆಮನೆಯಲ್ಲಿ ಲಂಗುಲಗಾಮಿಲ್ಲದ ಮಾತು, ಬೆರಳಚ್ಚಿನ ಹಾಳೆಯಲ್ಲಿ ಕಟ್ಟುನಿಟ್ಟಾದ ವರದಿ. ಮೊದಲನೆಯದನ್ನು ಯಾರೂ ಬರೆದಿಡುತ್ತಿರಲಿಲ್ಲ. ಎರಡನೆಯದನ್ನು ಬರೆದವರು ಪ್ರತಿ ಪದಕ್ಕೂ ಸೆರೆವಾಸದ ಬೆಲೆ ತೆರಬೇಕಾಗಬಹುದೆಂದು ಅರಿತು ಬರೆಯುತ್ತಿದ್ದರು.

ನೋಸಿಕ್ ಬೆಳೆದದ್ದು ಇಂತಹ ವಾತಾವರಣದಲ್ಲಿ. ತಂದೆ ಬೊರಿಸ್ ನೋಸಿಕ್ ಲೇಖಕ, ಅನುವಾದಕ, ಜೀವನಚರಿತ್ರೆಕಾರ. ತಾಯಿ ವಿಕ್ಟೋರಿಯಾ ಮೋಚಲೋವಾ ಸ್ಲಾವ್ ಭಾಷಾ ಸಾಹಿತ್ಯಗಳ ವಿದ್ವಾಂಸೆ. ಮಲತಂದೆ ಇಲ್ಯಾ ಕಬಕೋವ್ ಅವರು ಮಾಸ್ಕೋದ ಅನಧಿಕೃತ ಕಲಾವಲಯದ ಅಗ್ರಗಣ್ಯರು. ಕಬಕೋವ್ ಅವರ ಒಂದು ಚಿತ್ರಸರಣಿಯನ್ನು ಇಲ್ಲಿ ನೆನೆಯುವುದು ಅಪ್ರಸ್ತುತವಾಗಲಾರದು. ಹಲವು ಕುಟುಂಬಗಳು ಹಂಚಿಕೊಂಡಿದ್ದ ಸಾಮುದಾಯಿಕ ವಸತಿಗಳ ಅಡುಗೆಮನೆಯ ಪಾತ್ರೆ ಪಗಡಗಳನ್ನು ಖಾಲಿ ಹಲಗೆಯೊಂದಕ್ಕೆ ಅಂಟಿಸಿ, ಒಂದು ಮೂಲೆಯಲ್ಲಿ ಈ ವಸ್ತು ಯಾರದೆಂದು ಕೇಳುವ ಹೆಂಗಸಿನ ಮಾತನ್ನೂ ಇನ್ನೊಂದು ಮೂಲೆಯಲ್ಲಿ ಅದಕ್ಕೆ ಬಂದ ಉತ್ತರವನ್ನೂ ಅವರು ಬರೆದಿಡುತ್ತಿದ್ದರು. ಆಡುವವರ ಹೆಸರುಗಳಿರುತ್ತವೆ, ಆಡುವವರು ಕಾಣುವುದಿಲ್ಲ. ಗಾಳಿಯಲ್ಲಿ ಹೋಗಬೇಕಾದ ಮಾತು ಹಲಗೆಯ ಮೇಲೆ ನಿಂತುಬಿಟ್ಟರೆ ಎಂತಹ ವಿಚಿತ್ರ ವಸ್ತುವಾಗುತ್ತದೆ ಎಂಬುದನ್ನು ಈ ಚಿತ್ರಗಳು ತೋರಿಸುತ್ತವೆ. ಮಲಮಗನ ಮುಂದಿನ ವೃತ್ತಿಯ ಮೇಲೆ ಇವುಗಳ ನೇರ ಪ್ರಭಾವವಿತ್ತೆಂದು ಸಾಧಿಸುವುದು ನನ್ನ ಉದ್ದೇಶವಲ್ಲ. ಸಮಸ್ಯೆ ಒಂದೇ ಎಂಬುದಷ್ಟನ್ನೇ ಗುರುತಿಸುತ್ತಿದ್ದೇನೆ.

ಮಾಸ್ಕೋದಲ್ಲಿ ವೈದ್ಯಕೀಯ ಶಿಕ್ಷಣವನ್ನು 1989ರಲ್ಲಿ ಮುಗಿಸಿದ ನೋಸಿಕ್ ವೈದ್ಯವೃತ್ತಿಯನ್ನು ಹಿಡಿಯದೆ ಮರುವರ್ಷ ಇಸ್ರೇಲಿಗೆ ವಲಸೆ ಹೋದರು. ಸೋವಿಯತ್ ಒಕ್ಕೂಟದಿಂದ ಲಕ್ಷಾಂತರ ಯಹೂದಿಯರು ಅಲ್ಲಿಗೆ ಬಂದಿಳಿದ ಕಾಲವದು. ಅವರಿಗಾಗಿ ಹುಟ್ಟಿಕೊಂಡ ರಷ್ಯನ್ ಪತ್ರಿಕೆಗಳಲ್ಲಿ 'ವೆಸ್ತಿ' ಪ್ರಮುಖವಾದುದು. ಸೋವಿಯತ್ ಸೆರೆಮನೆಯನ್ನು ಕಂಡು ಬಂದಿದ್ದ ಎದುವಾರ್ದ್ ಕುಜ್ನೆತ್ಸೋವ್ ಅದರ ಸಂಪಾದಕರಾಗಿದ್ದರು. ನೋಸಿಕ್ ಪತ್ರಿಕೋದ್ಯಮದ ಮೊದಲ ಪಾಠಗಳನ್ನು ಕಲಿತದ್ದು ಇಲ್ಲಿ. ಅಂತರ್ಜಾಲದ ಬಗ್ಗೆ ರಷ್ಯನ್ ಓದುಗರಿಗಾಗಿ ಅಂಕಣ ಬರೆಯಲು ತೊಡಗಿದ್ದೂ ಇಲ್ಲಿಯೇ.

1996ರ ಡಿಸೆಂಬರ್ 24ರಂದು, ಇನ್ನೂ ಇಸ್ರೇಲಿನಲ್ಲಿರುವಾಗಲೇ, ಮಾಸ್ಕೋದ 'ಸಿಟಿಲೈನ್' ಎಂಬ ಅಂತರ್ಜಾಲ ಸಂಪರ್ಕ ಸಂಸ್ಥೆಯ ಆಶ್ರಯದಲ್ಲಿ ಅವರು 'ವೆಚೆರ್ನಿಯ್ ಇಂಟರ್ನೆಟ್' ಎಂಬ ಅಂಕಣವನ್ನು ಜಾಲದಲ್ಲಿ ಆರಂಭಿಸಿದರು. 'ಸಂಜೆಯ ಇಂಟರ್ನೆಟ್' ಎಂಬುದು ಅದರ ಅರ್ಥ. ಸಂಜೆಪತ್ರಿಕೆಗಳನ್ನು ನೆನಪಿಸುವ ಹೆಸರಿದ್ದರೂ ಒಳಗಿನ ಧಾಟಿ ಪತ್ರಿಕೆಯದಲ್ಲ. ಆ ದಿನ ಜಾಲದಲ್ಲಿ ಏನು ಹೊಸದು ಬಂತು, ಯಾರು ಯಾರೊಡನೆ ಜಗಳವಾಡಿದರು, ಯಾವ ಯಂತ್ರ ಕೆಟ್ಟಿತು ಎಂಬುದನ್ನು ಅವರು ಎದುರಿಗೆ ಕುಳಿತವರಿಗೆ ಹೇಳುವಂತೆ ಹೇಳುತ್ತಿದ್ದರು. ಇದಕ್ಕೆ ಕೆಲವೇ ವಾರಗಳ ಹಿಂದೆ ಅಲೆಕ್ಸಾಂದರ್ ಗಾಗಿನ್ ಎಂಬುವರು 'ಇವಾನ್ ಪರವೋಜೋವ್' ಎಂಬ ಕಲ್ಪಿತ ಹೆಸರಿನಲ್ಲಿ ಇಂತಹುದೇ ಅಂಕಣವನ್ನು ತೆರೆದಿದ್ದರು. ಆದ್ದರಿಂದ ಮೊದಲಿಗನೆಂಬ ಹಿರಿಮೆ ನೋಸಿಕ್ ಅವರಿಗೆ ಸಲ್ಲುವುದಿಲ್ಲ. ಆದರೆ ಗಾಗಿನ್ ಮುಖವಾಡ ಧರಿಸಿದ್ದರು. ನೋಸಿಕ್ ತಮ್ಮ ಹೆಸರಿನಲ್ಲಿಯೇ ಆಡಿದರು.

ಆ ಕಾಲದ ರೂನೆಟ್ ಜಾನಪದ ವಿದ್ಯಾರ್ಥಿಗೆ ಒಂದು ನಿಧಿಯೇ ಸರಿ. ಅಮೆರಿಕೆಯಲ್ಲಿದ್ದ ಖಭೌತವಿಜ್ಞಾನಿ ದಿಮಾ ವೆರ್ನರ್ 1995ರ ನವೆಂಬರಿನಲ್ಲಿ ರಷ್ಯನ್ ನಗೆಹನಿಗಳ ತಾಣವನ್ನು ಆರಂಭಿಸಿ, ಓದುಗರು ಕಳಿಸಿದ 'ಅನೆಕ್ದೋತ್'ಗಳನ್ನು ಪ್ರಕಟಿಸುತ್ತ ಬಂದರು. ಅಡುಗೆಮನೆಯಲ್ಲಿ ತಗ್ಗಿದ ದನಿಯಲ್ಲಿ ಹೇಳುತ್ತಿದ್ದ ಪ್ರಕಾರವೊಂದಕ್ಕೆ ದಿನಾಂಕ, ಕ್ರಮಸಂಖ್ಯೆಗಳು ಮೊದಲ ಬಾರಿಗೆ ಈ ಪ್ರಮಾಣದಲ್ಲಿ ದೊರೆತವು. ಯೂರಿ ಲೋಟ್‌ಮನ್ ಅವರು ಕಲಿಸಿದ್ದ ಎಸ್ಟೋನಿಯಾದ ತಾರ್ತು ವಿಶ್ವವಿದ್ಯಾಲಯದಲ್ಲಿ ರಷ್ಯನ್ ಸಾಹಿತ್ಯದ ಅಧ್ಯಾಪಕರಾಗಿದ್ದ ರೋಮಾನ್ ಲೇಬೋವ್ ಜಾಲಕಾದಂಬರಿಯನ್ನು ಕಟ್ಟಿದರು. ಇಲ್ಲದ ಮುದುಕನೊಬ್ಬನನ್ನು ಸೃಷ್ಟಿಸಿ ಅವನ ಹೆಸರಿನಲ್ಲಿ ಬರೆದರು. ಕಥನ, ವೇಷ, ಸವಾಲು-ಜವಾಬುಗಳೆಲ್ಲ ಇಲ್ಲಿ ಮತ್ತೆ ಹುಟ್ಟುತ್ತಿದ್ದವು. ಎವ್ಗೆನಿ ಗೋರ್ನಿ ಲಂಡನ್ ವಿಶ್ವವಿದ್ಯಾಲಯಕ್ಕೆ 2006ರಲ್ಲಿ ಸಲ್ಲಿಸಿದ ಮಹಾಪ್ರಬಂಧವು ಈ ಸೃಜನಶೀಲತೆಯನ್ನು ಒಳಗಿನವರೊಬ್ಬರ ಕಣ್ಣಿನಿಂದ ವಿವರಿಸುತ್ತದೆ.

1997ರಲ್ಲಿ ಮಾಸ್ಕೋಗೆ ಮರಳಿದ ನೋಸಿಕ್ ಎರಡು ವರ್ಷಗಳೊಳಗೆ ಇನ್ನೊಂದು ಧಾಟಿಗೆ ಹೊರಳಿದರು. 1999ರ ಮಾರ್ಚ್‌ನಲ್ಲಿ 'ಗಜೇತಾ.ರು' ಆರಂಭವಾಯಿತು. 'ಗಜೇತಾ' ಎಂದರೆ ವೃತ್ತಪತ್ರಿಕೆ. ಮುದ್ರಿತ ಪತ್ರಿಕೆಯ ನೆರಳಾಗದೆ ಜಾಲದಲ್ಲಿಯೇ ಹುಟ್ಟಿದ ಸುದ್ದಿಮಾಧ್ಯಮ ಅದು. ಅದೇ ವರ್ಷ ಆ ಹೆಸರು ಬೇರೆ ಒಡೆತನಕ್ಕೆ ಸಾಗಿತು. ನೋಸಿಕ್ ಮತ್ತು ಸಂಗಡಿಗರು ಸೆಪ್ಟೆಂಬರ್ 1ರಂದು 'ಲೆಂತಾ.ರು'ವನ್ನು ತೆರೆದರು. 'ಲೆಂತಾ' ಎಂದರೆ ಪಟ್ಟಿ; ಸುದ್ದಿಸಂಸ್ಥೆಯ ಯಂತ್ರದಿಂದ ಇಳಿದುಬರುವ ಕಾಗದದ ಪಟ್ಟಿಯ ನೆನಪು ಆ ಹೆಸರಿನಲ್ಲಿದೆ. ಅಲ್ಲಿ ಅಂಕಣಕಾರರ ಆರ್ಭಟವಿರಲಿಲ್ಲ. ಚಿಕ್ಕ ವಾಕ್ಯಗಳಲ್ಲಿ ಘಟನೆ, ಪಕ್ಕದಲ್ಲಿ ಮೂಲ ಸುದ್ದಿಗೆ ಕೊಂಡಿ. 'ಪ್ರಚಲಿತ ಘಟನೆಗಳ ವೃತ್ತಾಂತ'ದ ನಿರಾವೇಶ ಭಾಷೆಗೆ ಇದು ಹತ್ತಿರವಾಗಿದ್ದಿತೆಂಬುದು ನನ್ನ ಅಭಿಪ್ರಾಯ. 'ಸಂಜೆಯ ಇಂಟರ್ನೆಟ್'ನ ಮಾತುಗಾರನೇ ಈ ಒಣ ಗದ್ಯವನ್ನು ಕಲಿಸುವ ಸಂಪಾದಕನೂ ಆದನೆಂಬುದು ಮೊದಲ ನೋಟಕ್ಕೆ ಆಶ್ಚರ್ಯವೆನಿಸುತ್ತದೆ. ಮೇಲೆ ಹೇಳಿದ ಜೋಡಿ ಪರಂಪರೆಯನ್ನು ನೆನೆದರೆ ಅದರಲ್ಲಿ ವಿರೋಧವಿಲ್ಲ. ಹರಟೆಯ ಜಾಗ ಬೇರೆ, ವರದಿಯ ಜಾಗ ಬೇರೆ ಎಂಬ ವಿವೇಕ ಅದು.

ಲೆಂತಾ ಆರಂಭವಾದ ಮರುವಾರವೇ ಮಾಸ್ಕೋದ ವಸತಿ ಕಟ್ಟಡಗಳಲ್ಲಿ ಬಾಂಬುಗಳು ಸ್ಫೋಟಿಸಿದವು. ಎರಡನೆಯ ಚೆಚೆನ್ ಯುದ್ಧ ಹತ್ತಿಕೊಂಡಿತು. 2000ದ ಆಗಸ್ಟ್‌ನಲ್ಲಿ 'ಕುರ್ಸ್ಕ್' ಜಲಾಂತರ್ಗಾಮಿ ಮುಳುಗಿ 118 ಮಂದಿ ಸತ್ತರು. ಅದೇ ತಿಂಗಳ 27ರಂದು ಒಸ್ತಾಂಕಿನೊ ಗೋಪುರಕ್ಕೆ ಬೆಂಕಿ ಬಿದ್ದು ರಾಜಧಾನಿಯ ಬಹುಭಾಗದಲ್ಲಿ ದೂರದರ್ಶನವೇ ನಿಂತುಹೋಯಿತು. ಕ್ಷಣಕ್ಷಣದ ಸುದ್ದಿಗಾಗಿ ಜಾಲವನ್ನು ನೋಡುವ ಅಭ್ಯಾಸ ವಿದ್ಯಾವಂತ ರಷ್ಯನ್ನರಲ್ಲಿ ಬೇರೂರಿದ್ದು ಈ ದುರ್ದಿನಗಳಲ್ಲಿ. ನೋಸಿಕ್ 'ಎನ್‌ಟಿವಿ.ರು' ಸುದ್ದಿತಾಣವನ್ನೂ ಕಟ್ಟಿಕೊಟ್ಟರು. ಅದು ಮುಂದೆ 'ನ್ಯೂಸ್‌ರು.ಕಾಂ' ಎಂದು ಹೆಸರಾಯಿತು.

ಇಲ್ಲಿ ಒಂದು ಅಹಿತಕರ ಸಂಗತಿಯನ್ನು ಮರೆಮಾಚಬಾರದು. ಗಜೇತಾ ಮತ್ತು ಲೆಂತಾಗಳ ಆರಂಭಕ್ಕೆ ಆಸರೆಯಾದದ್ದು ಗ್ಲೆಬ್ ಪಾವ್ಲೋವ್‌ಸ್ಕಿ ಅವರ 'ಪರಿಣಾಮಕಾರಿ ರಾಜಕಾರಣ ಪ್ರತಿಷ್ಠಾನ'. ಪಾವ್ಲೋವ್‌ಸ್ಕಿ ಸ್ವತಃ ಸಮಿಜ್‌ದಾತ್ ಪತ್ರಿಕೆಯೊಂದರಲ್ಲಿ ದುಡಿದು 1982ರಲ್ಲಿ ಬಂಧನಕ್ಕೊಳಗಾಗಿದ್ದವರು. ತೊಂಬತ್ತರ ದಶಕದಲ್ಲಿ ಅವರು ಕ್ರೆಮ್ಲಿನ್‌ನ ಚುನಾವಣಾ ತಂತ್ರಜ್ಞರಾದರು. 2000ದಲ್ಲಿ ಪುಟಿನ್ ಅವರನ್ನು ಅಧ್ಯಕ್ಷ ಪದವಿಗೇರಿಸಿದ ಪ್ರಚಾರದಲ್ಲಿ ಅವರದು ದೊಡ್ಡ ಪಾತ್ರ. ಸ್ವತಂತ್ರ ಜಾಲ ಪತ್ರಿಕೋದ್ಯಮದ ತೊಟ್ಟಿಲನ್ನು ತೂಗಿದ ಕೈ ಇದೇ ಆಗಿತ್ತು. ಒಳ್ಳೆಯ ಸುದ್ದಿತಾಣವನ್ನು ಯಾರ ಹಣದಿಂದ ಕಟ್ಟಿದರೂ ಅದು ತನ್ನ ಗುಣದಿಂದಲೇ ಸ್ವತಂತ್ರವಾಗುತ್ತದೆ ಎಂಬ ನಂಬಿಕೆಯ ಮೇಲೆ ಆ ಪೀಳಿಗೆ ನಡೆದಂತೆ ತೋರುತ್ತದೆ. ಹತ್ತು ಹದಿನೈದು ವರ್ಷಗಳ ಮಟ್ಟಿಗೆ ಆ ನಂಬಿಕೆ ನಿಜವೂ ಆಯಿತು. ಆದರೆ ಒಡೆತನದ ಪ್ರಶ್ನೆಯನ್ನು ಮುಂದಕ್ಕೆ ದೂಡಿದ್ದಷ್ಟೇ, ಅದು ಬಗೆಹರಿದಿರಲಿಲ್ಲ.

1999ರ ಡಿಸೆಂಬರ್ 28ರಂದು ಪ್ರಧಾನಮಂತ್ರಿ ಪುಟಿನ್ ಅಂತರ್ಜಾಲದ ಪ್ರಮುಖರನ್ನು ಕರೆಸಿ ಮಾತನಾಡಿದರು. ಜಾಲತಾಣಗಳನ್ನು ಪತ್ರಿಕೆಗಳಂತೆ ನೋಂದಾಯಿಸಬೇಕು, '.ರು' ವಲಯದ ಆಡಳಿತವನ್ನು ಸರ್ಕಾರದ ಹಿಡಿತಕ್ಕೆ ತರಬೇಕು ಎಂಬ ಪ್ರಸ್ತಾವಗಳು ಆಗ ಸಚಿವಾಲಯದ ಮೇಜಿನ ಮೇಲಿದ್ದವು. ಸಭೆಯಲ್ಲಿದ್ದ ನೋಸಿಕ್ ಅದನ್ನು ವಿರೋಧಿಸಿದವರಲ್ಲಿ ಒಬ್ಬರು. ಜಾಲಕ್ಕೆ ಸಂಬಂಧಿಸಿದ ನಿರ್ಣಯಗಳನ್ನು ಜಾಲದವರೊಡನೆ ಚರ್ಚಿಸದೆ ತೆಗೆದುಕೊಳ್ಳುವುದಿಲ್ಲ ಎಂಬ ಭರವಸೆ ಅಂದು ದೊರೆಯಿತು. ಮೂರು ದಿನಗಳ ಬಳಿಕ ಯೆಲ್ತ್ಸಿನ್ ರಾಜೀನಾಮೆಯಿತ್ತು, ಭರವಸೆ ಕೊಟ್ಟವರು ಹಂಗಾಮಿ ಅಧ್ಯಕ್ಷರಾದರು. ಬಾಯಿಮಾತಿನ ಭರವಸೆ ಅದು. ದೂರದರ್ಶನ ವಾಹಿನಿಗಳನ್ನು ಒಂದೊಂದಾಗಿ ಹಿಡಿತಕ್ಕೆ ತೆಗೆದುಕೊಂಡ ಆಡಳಿತವು ಅಂತರ್ಜಾಲವನ್ನು ಮಾತ್ರ ಹನ್ನೆರಡು ವರ್ಷಗಳ ಕಾಲ ಬಹುಮಟ್ಟಿಗೆ ಬಿಟ್ಟಿತ್ತು ಎಂಬುದನ್ನು ಗಮನಿಸಬೇಕು.

2001ರ ಫೆಬ್ರವರಿಯಲ್ಲಿ ಮೇಲೆ ಹೇಳಿದ ಲೇಬೋವ್ 'ಲೈವ್‌ಜರ್ನಲ್' ಎಂಬ ಅಮೆರಿಕನ್ ದಿನಚರಿ ತಾಣದಲ್ಲಿ ಮೊದಲ ರಷ್ಯನ್ ಬರಹವನ್ನು ಹಾಕಿದರು. ರಷ್ಯನ್ನರು ಅದನ್ನು 'ಝಿವೋಯ್ ಝುರ್ನಾಲ್' ಎಂದು ತಮ್ಮದಾಗಿಸಿಕೊಂಡು, ಮೊದಲಕ್ಷರಗಳನ್ನು ಹಿಡಿದು 'ಝೇಝೇ' ಎಂದು ಕರೆದರು. ಜೇನುಗೂಡಿನ ಝೇಂಕಾರ ಕೇಳಿಸುವ ಹೆಸರು. ಅಮೆರಿಕೆಯಲ್ಲಿ ಹರೆಯದವರ ಖಾಸಗಿ ದಿನಚರಿಯಾಗಿದ್ದುದು ರಷ್ಯಾದಲ್ಲಿ ಸಾಹಿತಿಗಳು, ಪತ್ರಕರ್ತರು, ರಾಜಕಾರಣಿಗಳು ಸೇರುವ ಸಾರ್ವಜನಿಕ ಜಗಲಿಯಾಯಿತು. ಹಳೆಯ ಅಡುಗೆಮನೆ ಸಾವಿರಾರು ಮೇಜುಗಳಷ್ಟು ವಿಸ್ತಾರಗೊಂಡಿತು. ಕಾಗುಣಿತವನ್ನು ಬೇಕೆಂದೇ ಕೆಡಿಸಿ, ಉಚ್ಚರಿಸಿದಂತೆ ಬರೆಯುವ ಒಂದು ವಿನೋದಭಾಷೆಯೂ ಈ ವರ್ಷಗಳಲ್ಲಿ ಹಬ್ಬಿತು. 2006ರಲ್ಲಿ ಕರಡಿಯ ಚಿತ್ರವೊಂದರ ಜೊತೆ ಹರಡಿದ 'ಪ್ರೆವೇದ್' ಎಂಬ ವಿಕೃತ ನಮಸ್ಕಾರ ಅದರ ಹೆಸರುವಾಸಿ ಮಾದರಿ. ಬರಹವು ಮಾತಿನ ವೇಷ ಹಾಕಿದ್ದಕ್ಕೆ ಇದಕ್ಕಿಂತ ಸ್ಪಷ್ಟ ಸಾಕ್ಷ್ಯ ಬೇಕಿಲ್ಲ. ನೋಸಿಕ್ ಅಲ್ಲಿ ತಮ್ಮನ್ನೇ ಹಳಿದುಕೊಳ್ಳುವ, ಸಭ್ಯರ ಸಭೆಯಲ್ಲಿ ಉಚ್ಚರಿಸಲಾಗದ ಹೆಸರೊಂದನ್ನು ಇಟ್ಟುಕೊಂಡು ಬರೆದರು. 2004ರಲ್ಲಿ ಲೆಂತಾದ ಸಂಪಾದಕತ್ವವನ್ನು ಬಿಟ್ಟ ಮೇಲೆ ಈ ದಿನಚರಿಯೇ ಅವರ ಮುಖ್ಯ ವೇದಿಕೆ. 2006ರಲ್ಲಿ 'ಸೂಪ್' ಎಂಬ ಕಂಪನಿ ಲೈವ್‌ಜರ್ನಲ್‌ನ ರಷ್ಯನ್ ಭಾಗದ ನಿರ್ವಹಣೆಯನ್ನೂ ಮರುವರ್ಷ ಇಡೀ ತಾಣವನ್ನೂ ಪಡೆದಾಗ ನೋಸಿಕ್ ಅದರ ಮುಖವಾಣಿಯಾದರು. ತಮ್ಮ ಖಾಸಗಿ ಬರಹಗಳು ಗುಪ್ತಚರರ ಕೈಸೇರುತ್ತವೆಂದು ಬಳಕೆದಾರರು ಆಗ ಪ್ರತಿಭಟಿಸಿದ್ದರು. 2008ರಲ್ಲಿ ನೋಸಿಕ್ ಆ ಕಂಪನಿಯಿಂದ ಹೊರಬಂದರು. ದಿನಚರಿಯ ಓದುಗರಿಂದ ರೋಗಿಗಳ ಚಿಕಿತ್ಸೆಗೆ ಹಣ ಕೂಡಿಸುವ 'ಪಮಗೀ.ಆರ್ಗ್' ಎಂಬ ದತ್ತಿನಿಧಿಯನ್ನು ಸ್ಥಾಪಿಸಿದ್ದು ಅವರ ಇನ್ನೊಂದು ಕೆಲಸ.

2011-12ರ ಚಳಿಗಾಲದಲ್ಲಿ ಚುನಾವಣಾ ಅಕ್ರಮಗಳ ವಿರುದ್ಧ ಮಾಸ್ಕೋದಲ್ಲಿ ಭಾರಿ ಪ್ರದರ್ಶನಗಳು ನಡೆದವು. ಅವುಗಳ ಸಂಘಟನೆ ಬಹುಪಾಲು ಜಾಲದಲ್ಲಿಯೇ ಆಗಿತ್ತು. ಅದರ ನಂತರ ಹಳೆಯ ಭರವಸೆ ಉಳಿಯಲಿಲ್ಲ. 2012ರಲ್ಲಿ ನಿರ್ಬಂಧಿತ ತಾಣಗಳ ಪಟ್ಟಿಯ ಕಾನೂನು ಬಂತು. 2014ರ ಮಾರ್ಚ್ 12ರಂದು, ಉಕ್ರೇನಿನ ರಾಷ್ಟ್ರೀಯವಾದಿಯೊಬ್ಬನ ಸಂದರ್ಶನಕ್ಕೆ ಕೊಂಡಿ ಕೊಟ್ಟ ವರದಿಗಾಗಿ ನಿಯಂತ್ರಣ ಸಂಸ್ಥೆಯು ಎಚ್ಚರಿಕೆ ನೀಡಿದ ದಿನವೇ, ಲೆಂತಾದ ಮಾಲೀಕ ಅಲೆಕ್ಸಾಂದರ್ ಮಮೂತ್ ಸಂಪಾದಕಿ ಗಲೀನಾ ತಿಮ್ಚೆಂಕೊ ಅವರನ್ನು ತೆಗೆದುಹಾಕಿದರು. ಸಿಬ್ಬಂದಿಯಲ್ಲಿ ಹೆಚ್ಚಿನವರು ಅವರ ಹಿಂದೆಯೇ ಹೊರನಡೆದರು. ಮೂಲಕ್ಕೆ ಕೊಂಡಿ ಕೊಡುವುದು ಲೆಂತಾ ಹುಟ್ಟಿನಿಂದಲೇ ಕಲಿತ ಶಿಸ್ತಾಗಿತ್ತು. ಈಗ ಆ ಕೊಂಡಿಯೇ ಅಪರಾಧವಾಯಿತು. ತಿಮ್ಚೆಂಕೊ ಅದೇ ವರ್ಷ ಲಾತ್ವಿಯಾದ ರೀಗಾ ನಗರದಲ್ಲಿ 'ಮೆದೂಜಾ'ವನ್ನು ಆರಂಭಿಸಿದರು. ಅದೇ 2014ರ ಆಗಸ್ಟಿನಿಂದ ಜಾರಿಗೆ ಬಂದ ಇನ್ನೊಂದು ಕಾನೂನು, ದಿನಕ್ಕೆ 3000ಕ್ಕಿಂತ ಹೆಚ್ಚು ಓದುಗರಿರುವ ಬ್ಲಾಗಿನ ಲೇಖಕನಿಗೆ ಪತ್ರಿಕೆಯೊಂದರ ಹಲವು ಬಾಧ್ಯತೆಗಳನ್ನು ವಿಧಿಸಿತು. ಹರಟೆ ಮತ್ತು ವರದಿಗಳ ನಡುವೆ ನೋಸಿಕ್ ಇಟ್ಟುಕೊಂಡಿದ್ದ ಗೋಡೆಯನ್ನು ಪ್ರಭುತ್ವವು ಒಂದು ಸಂಖ್ಯೆಯ ಬಲದಿಂದ ಕೆಡವಿತು.

2015ರ ಸೆಪ್ಟೆಂಬರ್ 30ರಂದು ರಷ್ಯಾ ಸಿರಿಯಾದಲ್ಲಿ ವಾಯುದಾಳಿ ಆರಂಭಿಸಿತು. ಮರುದಿನ ನೋಸಿಕ್ ತಮ್ಮ ದಿನಚರಿಯಲ್ಲಿ, ಸಿರಿಯಾವನ್ನು ಭೂಪಟದಿಂದಲೇ ಅಳಿಸಿಹಾಕಬೇಕು ಎಂಬರ್ಥದ ಶೀರ್ಷಿಕೆಯಡಿ ಆ ದಾಳಿಯನ್ನು ಸ್ವಾಗತಿಸಿ ಬರೆದರು. ಅಲ್ಲಿನ ನಾಗರಿಕರ ಬಗ್ಗೆಯೂ ಕನಿಕರ ತೋರಲಿಲ್ಲ. 'ಎಖೋ ಮಾಸ್ಕ್ವಿ' ಆಕಾಶವಾಣಿಯಲ್ಲಿಯೂ ಇದೇ ಮಾತನ್ನಾಡಿದರು. ಇಸ್ರೇಲಿನ ಪೌರರಾಗಿ ಸಿರಿಯಾವನ್ನು ಶತ್ರುರಾಷ್ಟ್ರವೆಂದು ಕಂಡ ಅವರ ನಿಲುವನ್ನು ಅರ್ಥಮಾಡಿಕೊಳ್ಳಬಹುದು. ಆ ಬರಹವನ್ನು ಸಮರ್ಥಿಸಲಾಗದು. ಅದು ಕ್ರೂರವಾದ ಬರಹ. ವಿಪರ್ಯಾಸವೆಂದರೆ, ಪ್ರಭುತ್ವದ ಟೀಕಾಕಾರನಾಗಿ ಪ್ರಸಿದ್ಧನಾದವನನ್ನು ಪ್ರಭುತ್ವದ್ದೇ ಯುದ್ಧವನ್ನು ಅತಿಯಾಗಿ ಹೊಗಳಿದ್ದಕ್ಕಾಗಿ ವಿಚಾರಣೆಗೆ ಗುರಿಪಡಿಸಲಾಯಿತು. ದಂಡಸಂಹಿತೆಯ 282ನೆಯ ಕಲಮು ದ್ವೇಷ ಪ್ರಚೋದನೆಗೆ ಸಂಬಂಧಿಸಿದ್ದು. ಇಂತಹ ಮೊಕದ್ದಮೆಗಳಲ್ಲಿ ಭಾಷಾತಜ್ಞರ ಪರೀಕ್ಷಾವರದಿಗೆ ನಿರ್ಣಾಯಕ ಸ್ಥಾನವಿದೆ. ತಜ್ಞನ ಮುಂದೆ ಇರುವುದು ಮುದ್ರಿತ ಹಾಳೆ. ಸ್ವರ, ಸಂದರ್ಭ, ಆ ಧಾಟಿಗೆ ಹದಿನೈದು ವರ್ಷಗಳಿಂದ ಒಗ್ಗಿದ ಕೇಳುಗವೃಂದ ಯಾವುದೂ ಅದರಲ್ಲಿಲ್ಲ. ಸಂದರ್ಭವನ್ನು ಕಳಚಿ ಪಠ್ಯವನ್ನಷ್ಟೇ ಓದುವ ಈ ದೋಷವನ್ನು ಜಾನಪದ ಸಂಗ್ರಹಕಾರರ ವಿರುದ್ಧ ನಮ್ಮ ಶಾಸ್ತ್ರವೇ ದಶಕಗಳಿಂದ ಎತ್ತಿ ತೋರಿಸುತ್ತ ಬಂದಿದೆ. ಹಾಗೆಂದು ಮಾತಿನ ಧಾಟಿ ಎಂಬುದು ನೋಸಿಕ್ ಅವರಿಗೆ ಪೂರ್ಣ ರಕ್ಷೆಯಾಗಲೂ ಆರದು. ಅಡುಗೆಮನೆಯ ಮೇಜಿನ ಸುತ್ತ ಆರು ಜನರಿದ್ದರು. ಇಲ್ಲಿ ಸಾವಿರಾರು ಅಪರಿಚಿತರಿದ್ದರು, ಅದನ್ನು ಅವರಿಗಿಂತ ಚೆನ್ನಾಗಿ ಬಲ್ಲವರು ಯಾರೂ ಇರಲಿಲ್ಲ.

ಅಭಿಯೋಜಕರು ಎರಡು ವರ್ಷಗಳ ಸೆರೆವಾಸವನ್ನು ಕೇಳಿದ್ದರು. 2016ರ ಅಕ್ಟೋಬರ್ 3ರಂದು ಮಾಸ್ಕೋದ ಪ್ರೆಸ್ನೆನ್‌ಸ್ಕಿ ಜಿಲ್ಲಾ ನ್ಯಾಯಾಲಯವು ಅವರನ್ನು ದೋಷಿಯೆಂದು ತೀರ್ಮಾನಿಸಿ 5 ಲಕ್ಷ ರೂಬಲ್ ದಂಡ ವಿಧಿಸಿತು. ಮೇಲ್ಮನವಿಯಲ್ಲಿ ಅದು 3 ಲಕ್ಷಕ್ಕೆ ಇಳಿಯಿತು. ಅವರು ತಮ್ಮ ಮಾತನ್ನು ಹಿಂತೆಗೆದುಕೊಳ್ಳಲಿಲ್ಲ. 2017ರ ಜುಲೈ 9ರಂದು, 51ನೆಯ ವಯಸ್ಸಿನಲ್ಲಿ, ಹೃದಯಾಘಾತದಿಂದ ನಿಧನರಾದರು.

ಬ್ಲಾಗಿಗರ ಕಾನೂನು ಅದೇ ವರ್ಷ ರದ್ದಾಯಿತು. 2018ರ ಡಿಸೆಂಬರಿನಲ್ಲಿ 282ನೆಯ ಕಲಮಿಗೆ ತಿದ್ದುಪಡಿಯಾಗಿ, ಇಂತಹ ಬರಹದ ಮೊದಲ ತಪ್ಪು ಕ್ರಿಮಿನಲ್ ಅಪರಾಧವಾಗದೆ ಆಡಳಿತಾತ್ಮಕ ದಂಡಕ್ಕೆ ಸೀಮಿತವಾಯಿತು. 'ನ್ಯೂಸ್‌ರು.ಕಾಂ' 2021ರ ಮೇ 31ರಂದು ಕೆಲಸ ನಿಲ್ಲಿಸಿತು. 'ಎಖೋ ಮಾಸ್ಕ್ವಿ'ಯ ಪ್ರಸಾರವನ್ನು 2022ರ ಮಾರ್ಚ್ 1ರಂದು ಕಡಿಯಲಾಯಿತು. ಮೂರು ದಿನಗಳ ನಂತರ, ಸೇನೆಯ ಬಗ್ಗೆ ಸುಳ್ಳು ಹರಡುವುದಕ್ಕೆ 15 ವರ್ಷಗಳವರೆಗೆ ಸೆರೆವಾಸ ವಿಧಿಸುವ ಕಾನೂನು ಜಾರಿಗೆ ಬಂತು. 2023ರ ಜನವರಿಯಲ್ಲಿ 'ಮೆದೂಜಾ'ವನ್ನು ಅನಪೇಕ್ಷಿತ ಸಂಸ್ಥೆಯೆಂದು ಘೋಷಿಸಲಾಯಿತು. ಅಂದಿನಿಂದ ಅದರ ಸುದ್ದಿಯೊಂದಕ್ಕೆ ಕೊಂಡಿ ಕೊಡುವುದೂ ರಷ್ಯಾದೊಳಗೆ ದಂಡನೀಯವಾಗಿದೆ.